ಕಡ್ಡಿಯೂ ಹೊಸ ತಂತಿಯೂ

ವಾಮನಯ್ಯ ಇ-ಸಿಗರೇಟು ಸೇದುವವನು. ಅದರೊಳಗೆ ಕಾದು ಹೊಗೆ ಎಬ್ಬಿಸುವ ಸುರುಳಿಯನ್ನು, ಉಕ್ಕಿನ ಕಡ್ಡಿಯೊಂದಕ್ಕೆ ತಂತಿ ಸುತ್ತಿ, ತಾನೇ ಮಾಡಿಕೊಳ್ಳುತ್ತಿದ್ದ. ಸುರುಳಿ ಸುಟ್ಟು ಕರಕಲಾದರೆ ಕಿತ್ತೆಸೆದು ಇನ್ನೊಂದು ಸುತ್ತುತ್ತಿದ್ದ. ಕಡ್ಡಿ ಮಾತ್ರ ಹಳೆಯದೇ. ಒಂದು ತಗಡಿನ ಡಬ್ಬಿಯಲ್ಲಿ ಅದರ ವಾಸ.

ಒಂದು ಬೆಳಿಗ್ಗೆ ಆ ಡಬ್ಬಿಗೆ ಹೊಸ ತಂತಿ ಬಂತು. ಹೊರಗೆ ವಾಮನಯ್ಯನ ಹೆಂಡತಿ ಇಂದುಮತಿಯ ದನಿ ಕೇಳಿಸಿತು: "ನಿಮ್ಮ ಕೆಮ್ಮು ಕೇಳಿ ಕೇಳಿ ನನಗೆ ಸಾಕಾಗಿದೆ."

"ಆಯ್ತು ಮಾರಾಯ್ತಿ, ಇವತ್ತೇ ಬಿಡ್ತೇನೆ," ಎಂದ ವಾಮನಯ್ಯ.

ತಂತಿ ಹಿಗ್ಗಿತು. "ಕೇಳಿದಿರಾ, ಕಡ್ಡಿರಾಯರೇ? ಇವತ್ತೇ ಬಿಡುತ್ತಾನಂತೆ. ನಾನು ಸುಡುವುದು ತಪ್ಪಿತು!"

"ಕೇಳಿದೆ ತಾಯಿ," ಎಂದಿತು ಕಡ್ಡಿ. "ದಿನಾ ಕೇಳುತ್ತೇನೆ. ನನಗೂ ಸಾಕಾಗಿದೆ."

"ಹಾಗಾದರೆ ಅವನು ಸುಳ್ಳುಗಾರನೇ?"

"ಛೆ, ಅವನು ಮಾತಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ."

ಡಬ್ಬಿಯ ಮುಚ್ಚಳ ತೆರೆಯಿತು. ವಾಮನಯ್ಯ ತಂತಿಯನ್ನು ಕಡ್ಡಿಗೆ ಬಿಗಿಯಾಗಿ ಸುತ್ತಿದ, ತುದಿ ಕತ್ತರಿಸಿದ, ಕಡ್ಡಿಯನ್ನು ಎಳೆದು ಬದಿಗಿಟ್ಟ. ಸುರುಳಿಯನ್ನು ಇ-ಸಿಗರೇಟಿನೊಳಗೆ ಕೂರಿಸಿ, ಗುಂಡಿ ಒತ್ತಿ, ಎದೆ ತುಂಬ ಎಳೆದ.

ತಂತಿ ಕೆಂಪಗೆ ಕಾದು ಚೀರಿತು: "ಬಿಡುತ್ತೇನೆ ಎಂದಿದ್ದನಲ್ಲ!"

"ಸ್ವಲ್ಪ ತಾಳು," ಎಂದಿತು ಕಡ್ಡಿ, ಮಲಗಿದಲ್ಲಿಂದಲೇ.

ವಾಮನಯ್ಯ ಕಣ್ಣು ಮುಚ್ಚಿ, ಬಾಯಿಂದಲೂ ಮೂಗಿನಿಂದಲೂ ದಟ್ಟವಾಗಿ ಹೊಗೆ ಬಿಟ್ಟ.

"ನೋಡಿದೆಯಾ," ಎಂದಿತು ಕಡ್ಡಿ. "ಬಿಟ್ಟ."