ಅಡಿವೆಪ್ಪ ಮೈಕ್ರೋಸ್ಕೋಪು ಆರಿಸಿದ್ದು

ಧಾರವಾಡದ ಕಡೆ ಒಂದು ಸಂಶೋಧನಾ ಕೇಂದ್ರ. ಅಲ್ಲಿ ಎಲ್ಲ ಲ್ಯಾಬಿನವರೂ ಬಂದು ಬಳಸುವ ಒಂದು ಮೈಕ್ರೋಸ್ಕೋಪು ಕೋಣೆ. ಅದನ್ನು ನೋಡಿಕೊಳ್ಳುವ ಚಂಪವ್ವ ಮೇಡಂ ಮಹಾ ಬುದ್ಧಿವಂತೆ. ಮಗ ಅಡಿವೆಪ್ಪ ಮಹಾ ಪೆದ್ದ. ಆದರೆ ಧೈರ್ಯಕ್ಕೆ ಮಾತ್ರ ಅವನಲ್ಲಿ ಬರವೇ ಇರಲಿಲ್ಲ!

ಕೋಣೆಯ ಹಳೇ ಯಂತ್ರದ ಬೆಳಕಿಗೆ ಜೀವಕೋಶಗಳು ಸಾಯುತ್ತಿದ್ದವು. ಪಾಪ, ಓದುವ ಹುಡುಗಿಯರ ವರ್ಷದ ದುಡಿಮೆ ಮಣ್ಣುಪಾಲು. ಕೋಶಗಳ ಮೇಲೆ ಕಡಿಮೆ ಬೆಳಕು ಬೀಳುವಂತೆ ಸಣ್ಣ ತೂತುಗಳ ಬಿಲ್ಲೆ ಒಳಗೇ ತಿರುಗುವ ಹೊಸ ಯಂತ್ರ ಬೇಕಿತ್ತು. ಅಷ್ಟರಲ್ಲಿ ಚಂಪವ್ವನ ಕಾಲು ಉಳುಕಿತು.

"ಹುಬ್ಬಳ್ಳಿಗೆ ಹೋಗಿ ನೀನ ನೋಡಿ ಬಾರೋ. ಬಿಲ್ಲಿ ಗರಗರ ತಿರುಗಬೇಕು!"

"ತಿಳೀತು ಬಿಡವ್ವಾ!"

ಹೋದ. ದಾರಿಯಲ್ಲಿ ಚೂರಿ ಮಸೆಯುವವನ ಸಾಣೆಕಲ್ಲು ಗರಗರ ತಿರುಗುತ್ತಿತ್ತು. ಕೈಗಡಿಯಾರ ಬಿಚ್ಚಿಕೊಟ್ಟು ಆ ಕಲ್ಲನ್ನೇ ಹೊತ್ತು ತಂದ.

"ಏನೋ ಇದು?"

"ಗರಗರ ತಿರುಗತೈತಿ! ಮ್ಯಾಲೆ ಕಿಡಿನೂ ಹಾರತಾವ!"

"ಅಯ್ಯೋ ಪೆದ್ದಾ! ಮೈಕ್ರೋಸ್ಕೋಪಿನ ಅಂಗಡಿಗೆ ಹೋಗೋ! ಜೀವ ಇರೋದನ್ನ ಲೆನ್ಸಿನ ಕೆಳಗಿಟ್ಟು ನೋಡೋ!"

"ತಿಳೀತು ಬಿಡವ್ವಾ!"

ಹೋದ. ಕಂಕುಳಲ್ಲಿ ಒಯ್ದಿದ್ದ ನೆರೆಮನೆಯ ಕೋಳಿಯನ್ನು ಲೆನ್ಸಿನ ಕೆಳಗೆ ಇಟ್ಟ. ಕೋಳಿ ಕೊಕ್ಕೊಕ್ಕೋ ಅಂತ ಹಾರಿ ಅಂಗಡಿಯವನ ತಲೆ ಮೇಲೆ ಕೂತಿತು. ಕೋಳಿ, ಅಡಿವೆಪ್ಪ ಇಬ್ಬರನ್ನೂ ಹೊರಗೆ ದಬ್ಬಿದರು. ಮನೆಗೆ ಬಂದು ಅವ್ವನಿಗೆ ಹೇಳಿದ.

"ಕೋಳಿ ಅಲ್ಲೋ, ಕಣ್ಣಿಗೆ ಕಾಣದ ಕೋಶ! ಬೆಳಕು ಹೆಚ್ಚಾದ್ರ ಸಾಯ್ತಾವ. ಬೆಳಕು ಕಡಿಮಿ ಇರಬೇಕು!"

"ತಿಳೀತು ಬಿಡವ್ವಾ!"

ಹೋದ. ಇನ್ನೊಂದು ಅಂಗಡಿಯಲ್ಲಿ ಮೀನಿನ ಮರಿಯ ಎದೆಬಡಿತವನ್ನು ಪರದೆ ಮೇಲೆ ತೋರಿಸುತ್ತಿದ್ದರು. ಅಡಿವೆಪ್ಪ ನೆಟ್ಟಗೆ ನಡೆದು ಮೇನ್ ಸ್ವಿಚ್ಚು ಎಳೆದ! ಕತ್ತಲೋ ಕತ್ತಲು. ಒಬ್ಬರ ಚಹಾ ಇನ್ನೊಬ್ಬರ ಅಂಗಿ ಮೇಲೆ.

"ಕಡಿಮಿ ಅಂದ್ರ ಹಿಂಗಿರಬೇಕು!" ಅಂದ.

ಸುದ್ದಿ ತಿಳಿದ ಚಂಪವ್ವ ಹಣೆ ಚಚ್ಚಿಕೊಂಡಳು. ಕುಂಟುತ್ತಲೇ ಆ ಅಂಗಡಿಗೆ ಹೋಗಿ ತಪ್ಪಾಯಿತು ಅಂದಳು. ಮೀನಿನ ಮರಿ ತೋರಿಸುತ್ತಿದ್ದ ಅದೇ ಬಿಲ್ಲೆ ಯಂತ್ರವನ್ನು ತಾನೇ ಆರಿಸಿ ಬಂದಳು. ಅದು ಬರುವ ದಿನ ಡಾಕ್ಟರ ಹತ್ತಿರ ಹೊರಟವಳು ಮಗನಿಗೆ ಹೇಳಿದಳು:

"ನೀ ಯಾವ ಯಂತ್ರನೂ ಆರಿಸಬ್ಯಾಡ, ದೀಪ ಆರಿಸಿ ಕತ್ತಲೂ ಮಾಡಬ್ಯಾಡ! ಯಂತ್ರ ಬಂದ್ರ ಇಳಿಸ್ಕೋ. ಅದು ನಮ್ಮದಲ್ಲ, ಎಲ್ಲಾರದು. ಎಲ್ಲಾರಿಗೂ ಸಮ ಪಾಲು!"

"ತಿಳೀತು ಬಿಡವ್ವಾ!"

ತಿರುಗಿ ಬಂದು ನೋಡಿದರೆ ಕೋಣೆ ಖಾಲಿ.

"ಯಂತ್ರ ಎಲ್ಲೋ?"

"ಹಂಚಿದೆ! ಲೆನ್ಸು ಮೀನಿನ ಲ್ಯಾಬಿಗೆ, ಕ್ಯಾಮೆರಾ ಸಸಿಯವರಿಗೆ, ಲೇಸರು ರೇಷ್ಮೆಹುಳದವರಿಗೆ!"

"ಬಿಲ್ಲಿ?"

"ಅದಕ್ಕ ಇಬ್ಬರು ಬಂದ್ರು. ನಾ ಬಿಡ್ತೀನೇನು? ಗರಗಸ ತಂದು ಬರೋಬ್ಬರಿ ಎರಡು ಹೋಳು ಮಾಡಿದೆ!"

ಚಂಪವ್ವ ಅಲ್ಲೇ ನೆಲಕ್ಕೆ ಕೂತು ಗೋಳೋ ಅಂತ ಅತ್ತಳು.

"ಅಳಬ್ಯಾಡವ್ವಾ! ನಿನ್ನ ಪಾಲು ಮರೀತೀನೇನು?" ಅಂತ ಅಡಿವೆಪ್ಪ ಅವಳ ಮಡಿಲಿಗೆ ಕರೆಂಟಿನ ವೈರು ಹಾಕಿದ. "ಪ್ಲಗ್ಗಿಗೆ ಹಾಕು, ಏನೇನು ಕಾಣತೈತಿ ನೋಡೂಣು!"