ಚನ್ನವೀರನ ಮದ್ದಿನ ಕಡತ

ನೂರೈವತ್ತು ವರ್ಷದ ಹಿಂದಿನ ಮಾತು. ತುಂಗಭದ್ರೆಯ ದಂಡೆಯಲ್ಲಿ ವಿರೂಪಾಕ್ಷ ಪಂಡಿತರೆಂಬ ವೈದ್ಯರಿದ್ದರು.

ಅವರಲ್ಲಿ ವೈದ್ಯ ಕಲಿಯಲು ಬಂದ ಚನ್ನವೀರ, ಗುರುಗಳು ಹೇಳಿದ ಮದ್ದನ್ನೆಲ್ಲ ತನ್ನ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಮಡಿಚಿಟ್ಟ ಕರಿಬಟ್ಟೆಯ ಮೇಲೆ ಬಳಪದ ಬರಹ. ಬೇಡವಾದರೆ ಒದ್ದೆ ಅರಿವೆಯಿಂದ ಒರೆಸಿದರಾಯಿತು. ಗುರುಗಳು ಮರೆತರೂ ನನ್ನ ಕಡತ ಮರೆಯದು ಎಂಬ ಹಮ್ಮು ಬೇರೆ.

ಪಂಡಿತರು ಪರವೂರಿಗೆ ಹೋಗಿದ್ದಾಗ ಆಚೆದಂಡೆಯ ತಿಪ್ಪವ್ವ ಭೇದಿ ಹತ್ತಿದ ಕೂಸನ್ನು ಎತ್ತಿಕೊಂಡು ಬಂದಳು. ಚನ್ನವೀರ ಕಡತ ಬಿಚ್ಚಿ ನೋಡಿ, ಅಫೀಮು ಬೆರೆಸಿದ ಗುಳಿಗೆ ತೇಯ್ದು ಕುಡಿಸಿದ. ಸಂಜೆಗೆ ಕೂಸು ತೀರಿಕೊಂಡಿತು.

ಪಂಡಿತರು ಹಿಂತಿರುಗಿದಾಗ ಶಿಷ್ಯ ಅಳುತ್ತಾ ಕಡತ ಒರೆಸುತ್ತಿದ್ದ.

“ಏನ್ ಅಳಸಾಕತ್ತೀಯೋ?”

“ಕೂಸನ್ನ ಕೊಂದ ಮದ್ದು, ಗುರುಗಳೇ. ನನ್ನ ಕಡತದಾಗ ಇದು ಇರಬಾರ್ದು.”

“ಇದ ಮದ್ದಿನಿಂದ ಎಷ್ಟೋ ಕೂಸು ಬದುಕ್ಯಾವ. ಆ ಕೂಸಿನ ಹೆಸರೇನು?”

ಚನ್ನವೀರ ಕೇಳಿಯೇ ಇರಲಿಲ್ಲ.

“ಕೇಳಿಕೊಂಡು ಬಾ. ನಿನ್ನ ಕಡೆ ಬರೂಕಿಂತ ಮೊದಲು ಅದಕ್ಕ ಏನೇನು ಕೊಟ್ಟಿದ್ರು, ಅದನ್ನೂ ಕೇಳು.”

ಚನ್ನವೀರ ಹರಿಗೋಲು ಹತ್ತಿದ. ಬೈದಾಳು, ಶಪಿಸಿಯಾಳು ಎಂಬ ಅಂಜಿಕೆಯಿತ್ತು. ತಿಪ್ಪವ್ವ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಬೈದಿದ್ದರೇ ವಾಸಿಯಿತ್ತು.

“ಹೊನ್ನಿ ಅಂತ ಹೆಸರು, ಯಪ್ಪಾ. ರಾತ್ರಿಯೆಲ್ಲ ಅಳತಿತ್ತು. ಮುಂಜಾನೆ ನಮ್ಮತ್ತಿ ಚೂರು ಅಫೀಮು ನೆಕ್ಕಿಸಿದ್ಲು. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಭೇದಿ ಅಂತ ನಾನ ಮೊಲಿ ಬಿಡಿಸಿದ್ದೆ. ಹಾಲಿಲ್ದ ಹೋತು ನನ್ನ ಕೂಸು. ನಾನ ಕೊಂದೆ. ನಿಮ್ಮ ಕೈಲಾದದ್ದು ನೀವು ಮಾಡಿದ್ರಿ.”

ಅಫೀಮಿನ ಮೇಲೆ ಅಫೀಮು! ಚನ್ನವೀರನಿಗೆ ಈಗ ತಿಳಿಯಿತು. ‘ಅಲ್ಲವ್ವಾ, ನೀನಲ್ಲ, ನಾನು’ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಮಜ್ಜಿಗೆ ಕುಡಿದು, ಕೈಮುಗಿದು ಎದ್ದುಬಂದ.

ಗುರುಗಳ ಮುಂದೆ ಎಲ್ಲವನ್ನೂ, ತಿಪ್ಪವ್ವನಿಗೆ ನಿಜ ಹೇಳದೆ ಬಂದದ್ದನ್ನೂ ಹೇಳಿಕೊಂಡು ಬಿಕ್ಕಿಬಿಕ್ಕಿ ಅತ್ತ.

“ಇದನ್ನೂ ಬರಿ,” ಎಂದರು ಪಂಡಿತರು.

“ಬರೆದ್ರ, ನಾಳೆ ಓದಿದವರು ನನ್ನ ಕೊಲೆಗಡುಕ ಅಂತಾರ.”

“ಅನ್ಲಿ. ಅವರ ಕೈಯಾಗ ಒಂದು ಕೂಸು ಉಳಿದೀತು.”

ಅಳಿಸಿದ ಮದ್ದನ್ನು ಚನ್ನವೀರ ಮತ್ತೆ ಬರೆದ. ಕೆಳಗೆ ಹೊನ್ನಿಯ ಹೆಸರು ಬರೆದ. ಮೊದಲೇ ಅಫೀಮು ಕೊಟ್ಟಿದ್ದಾರೆಯೇ ಎಂದು ಕೇಳದೆ ಗುಳಿಗೆ ಕುಡಿಸಿದೆ, ನನ್ನ ತಪ್ಪಿನಿಂದ ಕೂಸು ಹೋಯಿತು ಎಂದು ಒಂದಿಷ್ಟೂ ಮುಚ್ಚಿಡದೆ ಬರೆದ. ಎದೆಯ ಭಾರ ಸ್ವಲ್ಪ ಇಳಿದಂತಾಗಿ ಉಸಿರು ಬಿಟ್ಟ.

ಪಂಡಿತರು ಕಡತವನ್ನು ಕಣ್ಣ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ಅವರ ಕಣ್ಣೂ ತುಂಬಿತ್ತು. ಮಡಿಚಿ ಶಿಷ್ಯನ ಕೈಗಿಟ್ಟರು.

“ಖರೇನ ಬರದಿ, ಚನ್ನವೀರಾ. ಆದ್ರ ತಿಪ್ಪವ್ವಗ ಓದಾಕ ಬರೂದಿಲ್ಲ.”