ರಾಗಿಗೆ ತೆಂಡೆ ಒಡೆದದ್ದು

ಬೆಟ್ಟಗಳು ಇನ್ನೂ ಎಳೆಗೂಸುಗಳಾಗಿದ್ದ ಕಾಲ. ಆಗ ರಾಗಿ ಪೈರು ಒಂದೇ ಕಡ್ಡಿಯಾಗಿ ಬೆಳೆಯುತ್ತಿತ್ತು. ಒಂದೇ ಕಡ್ಡಿ ಅಂದರೆ ಒಂದೇ ತೆನೆ. ಒಂದೇ ತೆನೆ ಅಂದರೆ ಹೊಟ್ಟೆಗೆ ಅರ್ಧ ಮುದ್ದೆ.

ಈರಕ್ಕ ಎಂಬುವಳು ತನ್ನಲ್ಲಿ ಉಳಿದಿದ್ದ ಕೊನೆಯ ಹಿಡಿ ರಾಗಿಯನ್ನು ಬಿತ್ತಿದ್ದಳು. ಈ ಬೆಳೆ ಕೈಕೊಟ್ಟರೆ ಮುಂದಿನ ಬಿತ್ತನೆಗೆ ಒಂದು ಕಾಳೂ ಇರಲಿಲ್ಲ.

ಪೈರಿನ ತುದಿಯಲ್ಲಿ ಸುಳಿ ಇತ್ತು. ಸುಳಿ ಅಂದರೆ ಎಲ್ಲಕ್ಕಿಂತ ಮೇಲಿನ ಚಿಗುರು. ಬುಡದಲ್ಲಿ ಪುಟ್ಟ ಕಣ್ಣುಗಳಿದ್ದವು. ಇವು ನೋಡುವ ಕಣ್ಣಲ್ಲ, ಚಿಗುರಬೇಕಾದ ಮೊಗ್ಗುಗಳು. ಸುಳಿ ತನ್ನ ರಸವನ್ನು ತೊಟ್ಟು ತೊಟ್ಟಾಗಿ ಕೆಳಕ್ಕೆ ಇಳಿಸುತ್ತಿತ್ತು. ಆ ರಸ ತಾಕಿದ ಕಣ್ಣುಗಳಿಗೆಲ್ಲ ನಿದ್ದೆಯೋ ನಿದ್ದೆ.

"ಮಲಗ್ರೋ, ಮಲಗ್ರೋ! ನಾನೊಬ್ಬನೇ ಮೇಲೆ ಹೋಗ್ತೀನಿ."

"ಅಣ್ಣಾ, ನಾವೂ ಬರ್ತೀವಿ."

"ಮೇಲೆ ಜಾಗ ಎಲ್ಲಿದೆ?" ಎಂದು, ಅಷ್ಟು ದೊಡ್ಡ ಆಕಾಶದ ಕೆಳಗೆ ನಿಂತು ಸುಳಿ ಗದರಿತು.

ಗಾಳಿ ಬಂದು ನಕ್ಕಿತು. "ಏನ್ ಈರಕ್ಕ, ಹೊಲದ ತುಂಬ ಕೂದಲು ನೆಟ್ಟಿದ್ದೀಯ? ಒಂದ್ಸಲ ಸೀನಿದ್ರೆ ಎಲ್ಲಾ ಬಿದ್ದುಹೋಗುತ್ತೆ."

"ಸೀನಬೇಡಪ್ಪ, ಕೈ ಮುಗೀತೀನಿ!"

ಗಾಳಿಯೇನೋ ಮೂಗು ಹಿಡಿದುಕೊಂಡಿತು. ಆದರೆ ಆ ಮಧ್ಯಾಹ್ನ ಕೆಂದ ಎಂಬ ಈರಕ್ಕನ ಎತ್ತು ಸೌದೆಗೆಂದು ಕೊರಡು ಎಳೆದು ತರುತ್ತಿತ್ತು. ಕೊರಡು ಅಂದರೆ ಕೊಂಬೆ ಸವರಿದ ಮರದ ತುಂಡು. ದಾರಿ ಸುತ್ತು ಎಂದುಕೊಂಡು ಅದು ಹೊಲದೊಳಗೇ ನಡೆದು ಬಂತು. ಕೊರಡು ಹರಿದಲ್ಲೆಲ್ಲ ಪೈರು ನೆಲ ಕಚ್ಚಿತು.

"ಅಯ್ಯೋ, ನಿನ್ನ ಮನೆ ಹಾಳಾಗ!"

"ನನ್ನ ಮನೆ ಅಂದ್ರೆ ನಿನ್ನ ಕೊಟ್ಟಿಗೇನೇ ಅಲ್ವಾ ಅಕ್ಕಾ?" ಎಂದಿತು ಕೆಂದ.

ಈರಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಹೊಲದ ಕಡೆ ಮುಖ ಹಾಕಲು ಅವಳಿಗೆ ಧೈರ್ಯವಾಗಲಿಲ್ಲ.

ಇತ್ತ ಸುಳಿಗೆ ಸೊಂಟ ಉಳುಕಿತ್ತು. ನರಳುವ ಗಡಿಬಿಡಿಯಲ್ಲಿ ರಸ ಇಳಿಸುವುದು ಮರೆತೇಹೋಯಿತು. ರಸ ಇಳಿಯದಿದ್ದರೆ ನಿದ್ದೆಯಿಲ್ಲ. ನಿದ್ದೆಯಿಲ್ಲದ ಮಕ್ಕಳು ಸುಮ್ಮನಿರುತ್ತಾರೆಯೇ?

"ಲೋ, ಅಣ್ಣ ಬೈತಾನೇ ಇಲ್ಲ ಕಣ್ರೋ!"

"ಹಂಗಾದ್ರೆ ಏಳ್ರೋ!"

ಬುಡದಿಂದ ಐದಾರು ತೆಂಡೆ ಎದ್ದವು. ತೆಂಡೆ ಅಂದರೆ ಬುಡದಲ್ಲಿ ಒಡೆಯುವ ಹೊಸ ಕಡ್ಡಿ. ಸುಳಿ ಸೊಂಟ ನೀವಿಕೊಂಡು ತಲೆ ಎತ್ತುವಷ್ಟರಲ್ಲಿ ಸುತ್ತ ತಮ್ಮಂದಿರೇ ತಮ್ಮಂದಿರು! ಗಾಳಿಯೂ ತಡೆಯಲಾರದೆ ಸೀನಿಬಿಟ್ಟಿತು. ಆದರೂ ಒಬ್ಬರ ಹೆಗಲು ಒಬ್ಬರು ಹಿಡಿದು ಎಲ್ಲರೂ ನಿಂತೇ ಇದ್ದರು.

ಸುಗ್ಗಿಯಲ್ಲಿ ಈರಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಮುದ್ದೆ, ಬಿತ್ತನೆಗೆ ಮಡಕೆ ತುಂಬ ಕಾಳು.

ಮರುವರ್ಷ ಅವಳೇ ಕೇಳಿದಳು: "ಕೆಂದಾ, ಈ ಸಲವೂ ಅಡ್ಡದಾರೀಲಿ ಬರ್ತೀಯೇನಪ್ಪ?"

"ಬೈಯಲ್ಲ ತಾನೆ?" ಎಂದಿತು ಕೆಂದ.

ಅದಕ್ಕೇ ಮಗು, ರಾಗಿ ಪೈರು ಗೇಣುದ್ದವಾದಾಗ ರೈತರು ಬೇಕೆಂದೇ ಅದರ ಮೇಲೆ ಕೊರಡು ಎಳೆಸುವುದು, ನೀನು ಎಣಿಸಿ ನೋಡಿದರೆ ಒಂದೇ ಬುಡದಲ್ಲಿ ಅಷ್ಟೊಂದು ತೆನೆ ಸಿಗುವುದು.